ಟವಲಿನ ಕೆಳಗಿನ ಬೆಲೆ

"ಬುದ್ಧಿ, ತಲೆ ನರೆತ ಮೇಲೆ ವ್ಯಾಪಾರದ ಪದವಿ ಓದಲು ಹೋಗಿ ಹುಡುಗರ ಎದುರು ನಗೆಪಾಟಲಾಗುವುದು ದಡ್ಡತನವಲ್ಲವೇ?"

ಹೀಗೆ ಕೇಳಿದವಳು ಜಲಜಾಕ್ಷಿ. ಅವಳು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿ. ವಾರವೆಲ್ಲ ದುಡಿದು ಭಾನುವಾರ ಕಾಲೇಜಿಗೆ ಹೋಗುತ್ತಿದ್ದಳು. ಕಳೆದ ಭಾನುವಾರ ಮೇಷ್ಟರು, ಯಾರನ್ನು ಕಾಲರ್ ಹೊಲಿಯಲು ಕೂರಿಸಬೇಕು, ಯಾರನ್ನು ಗುಂಡಿ ಹಾಕಲು ಕೂರಿಸಬೇಕು ಎಂದು ಹೇಗೆ ತೀರ್ಮಾನಿಸುತ್ತೀರಿ ಎಂದು ಅವಳನ್ನು ಕೇಳಿದ್ದರು. "ಕೈ ನೋಡಿದ್ರೆ ಗೊತ್ತಾಗುತ್ತೆ ಸಾರ್" ಎಂದಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಮತ್ತೆ ಕೇಳಿದಾಗ ಬಾಯಿ ಕಟ್ಟಿಹೋಗಿತ್ತು. ತರಗತಿಗೆ ತರಗತಿಯೇ ನಕ್ಕಿತ್ತು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ನಿರ್ಧರಿಸಿ, ಅದಕ್ಕೆ ಗುರುಗಳ ಒಪ್ಪಿಗೆ ಪಡೆಯಲು ಮಠಕ್ಕೆ ಬಂದಿದ್ದಳು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ಎತ್ತಿನ ಸಂತೆಯಲ್ಲಿ ಒಬ್ಬ ದಲ್ಲಾಳಿ ಇದ್ದ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವುದು ಅವನ ಕಸುಬು. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ದಲ್ಲಾಳಿ ತನ್ನ ಹೆಗಲ ಟವಲನ್ನು ಎದುರಿನವನ ಕೈಮೇಲೆ ಹೊದಿಸಿ, ಅದರ ಕೆಳಗೆ ಅವನ ಬೆರಳು ಹಿಡಿದು ಅದುಮುತ್ತಿದ್ದ. ಯಾವ ಬೆರಳು, ಎಷ್ಟು ಬೆರಳು ಎಂಬುದೇ ಬೆಲೆ. ಸುತ್ತ ನಿಂತವರಿಗೆ ಟವಲು ಅಲುಗಾಡುವುದಷ್ಟೇ ಕಾಣುತ್ತಿತ್ತು. ಈ ದಲ್ಲಾಳಿ ಅದುಮಿದ ಮೇಲೆ ಮತ್ತೆ ಮಾತಿಲ್ಲ. ಅವನಿಗೆ ಗೊತ್ತಿಲ್ಲದ ಎತ್ತೇ ಇಲ್ಲ ಎಂದು ಸಂತೆಯವರು ಹೇಳುತ್ತಿದ್ದರು. ಆ ಮಾತಿನಿಂದಲೇ ಅವನ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಹೀಗಿರುವಾಗ ದೂರದ ಸೀಮೆಯಿಂದ ವರ್ತಕರು ಬರತೊಡಗಿದರು. ಅವರಿಗೆ ಬೆರಳಿನ ಭಾಷೆ ತಿಳಿಯದು. "ಈ ಜೋಡಿಗೆ ಇಷ್ಟೊಂದು ಯಾಕಪ್ಪ, ಬಾಯಿಬಿಟ್ಟು ಹೇಳು" ಎನ್ನುತ್ತಿದ್ದರು. ದಲ್ಲಾಳಿ ಒಳ್ಳೆಯ ಎತ್ತನ್ನು ಗುರುತಿಸಬಲ್ಲ; ಯಾಕೆ ಒಳ್ಳೆಯದು ಎಂದು ಹೇಳಲಾರ. ವರ್ತಕರು ಕೊಳ್ಳದೆ ಹೋಗುತ್ತಿದ್ದರು, ರೈತರು ಎತ್ತು ಹೊಡೆದುಕೊಂಡು ಮನೆಗೆ ಮರಳುತ್ತಿದ್ದರು. ಇದು ಅವನ ಮನಸ್ಸಿಗೆ ನಾಟಿತು. ಪೇಟೆಯಲ್ಲಿ ವ್ಯಾಪಾರ ಕಲಿಸುವ ಪಾಠಶಾಲೆಯೊಂದಿತ್ತು. ಸಂತೆ ಇಲ್ಲದ ದಿನಗಳಲ್ಲಿ ಅವನು ಅಲ್ಲಿಗೆ ಹೋಗತೊಡಗಿದ.

"ಏನೋ ಮಾರಾಯ, ಮೊಮ್ಮಕ್ಕಳ ಬೆಂಚಿನಲ್ಲಿ ಕೂರ್ತೀಯಂತೆ?" ಎಂದು ಸಂತೆಯ ಗೆಳೆಯರು ಕಿಚಾಯಿಸಿದರು.

"ಅವರೆಲ್ಲಿ ಕೂರಿಸಿಕೊಳ್ತಾರೆ? ಹಿಂದಕ್ಕೆ ತಳ್ಳಿದ್ದಾರೆ" ಎಂದು ಅವನೂ ನಕ್ಕ.

ಪಾಠಶಾಲೆಯ ಮೊದಲ ದಿನ ಮೇಷ್ಟರು ಒಂದು ಜೋಡಿ ಎತ್ತನ್ನು ವರ್ಣಿಸಿ ಬೆಲೆ ಎಷ್ಟು ಎಂದು ಕೇಳಿದರು. ದಲ್ಲಾಳಿ ಎದ್ದ. ನೇರವಾಗಿ ಮೇಷ್ಟರ ಬಳಿಗೆ ಹೋದ. ಅವರ ಕೈಮೇಲೆ ಟವಲು ಹೊದಿಸಿ ಬೆರಳು ಅದುಮಿದ. ಅವನಿಗೆ ಗೊತ್ತಿದ್ದ ರೀತಿ ಅದೊಂದೇ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟರು ನಗಲಿಲ್ಲ. "ನನ್ನ ಕೈಗೆ ಹೇಳಿದ್ದನ್ನು ಇವರ ಕಿವಿಗೂ ಹೇಳಿ" ಎಂದರು. ಅವನಿಂದ ಆಗಲಿಲ್ಲ.

ಆದರೂ ಅವನು ಬಿಡಲಿಲ್ಲ. ದಾರಿಯಲ್ಲಿ ಕಂಡ ಎತ್ತುಗಳ ಹಿಂದೆ ನಡೆಯುತ್ತ ತನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಗೊರಸು ಗಟ್ಟಿ, ಆದ್ದರಿಂದ ಕಲ್ಲುನೆಲಕ್ಕೆ ಆಗುತ್ತದೆ. ಹಲ್ಲು ಇನ್ನೂ ಪೂರ್ತಿ ಬಂದಿಲ್ಲ, ಅಂದರೆ ವಯಸ್ಸು ಚಿಕ್ಕದು, ಆದ್ದರಿಂದ ಬಹುಕಾಲ ದುಡಿಯುತ್ತದೆ. ಎದುರು ಬಂದವರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಕೊನೆಗೊಂದು ದಿನ ತರಗತಿಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದ. ಗೊರಸು, ಹಲ್ಲು, ನಡಿಗೆ, ಒಂದೊಂದಕ್ಕೂ ಕಾರಣ ಕೊಟ್ಟ. ಸುಳಿ ಇರುವ ಎತ್ತಿಗೆ ಬೆಲೆ ಕಡಿಮೆ ಎಂದೂ ಹೇಳಿದ. ಸುಳಿ ಎಂದರೆ ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡ ಗುರುತು; ಅದು ಕೆಲವು ಜಾಗಗಳಲ್ಲಿದ್ದರೆ ಕೆಟ್ಟದ್ದೆಂದು ಜನ ನಂಬುತ್ತಾರೆ.

"ಸುಳಿಗೆ ಯಾಕೆ ಕಡಿಮೆ?" ಎಂದರು ಮೇಷ್ಟರು.

ದಲ್ಲಾಳಿ ಯೋಚಿಸಿದ. ಅವನ ಅಪ್ಪ ಸುಳಿ ಕಂಡರೆ ಒಂದು ಬೆರಳು ಇಳಿಸುತ್ತಿದ್ದ. ಅಜ್ಜನೂ ಇಳಿಸುತ್ತಿದ್ದ. ಕಾರಣ ಹುಡುಕಿದರೆ ಏನೂ ಸಿಗಲಿಲ್ಲ. ಏನೋ ಒಂದು ಹೇಳಿ ಕೂತಿದ್ದರೆ ನಡೆದುಹೋಗುತ್ತಿತ್ತು. ಮೇಷ್ಟರೇನು ಎತ್ತು ಕಟ್ಟಿದವರಲ್ಲ. ಆದರೆ ಅವನು, "ಗೊತ್ತಿಲ್ಲ ಸ್ವಾಮಿ. ಗೊತ್ತಿಲ್ಲದೆಯೇ ಇಷ್ಟು ಕಾಲ ಬೆರಳು ಇಳಿಸಿದ್ದೇನೆ" ಎಂದ.

ಅಲ್ಲಿ ಓದುತ್ತಿದ್ದವರಲ್ಲಿ ಸಂತೆಯವರ ಮಕ್ಕಳೂ ಇದ್ದರು. ದಲ್ಲಾಳಿ ಊರು ಸೇರುವ ಮೊದಲೇ ಸುದ್ದಿ ಸೇರಿತು. ಮುಂದಿನ ಸಂತೆಯಲ್ಲಿ ಅವನು ಟವಲು ಚಾಚಿದರೆ ಜನ ಕೈ ಹಿಂದಕ್ಕೆಳೆದುಕೊಂಡರು. "ಗೊತ್ತಿಲ್ಲ ಅಂದವನಿಗೆ ಯಾಕಯ್ಯ ಬೆರಳು ಕೊಡೋದು?" ಎಂದರು. ಅವನು ಬಹಳ ಹೊತ್ತು ಒಬ್ಬನೇ ನಿಂತಿದ್ದ.

ಆಗ ಒಬ್ಬ ರೈತ ಬಂದ. ಅವನ ಎತ್ತಿಗೆ ಸುಳಿ ಇತ್ತು. ಉಳಿದ ದಲ್ಲಾಳಿಗಳು ಅದನ್ನು ಮುಟ್ಟಿರಲಿಲ್ಲ. ಬೇರೆ ದಾರಿ ಇಲ್ಲದೆ ಇವನ ಬಳಿ ಬಂದಿದ್ದ. ದಲ್ಲಾಳಿ ಟವಲನ್ನು ಹೆಗಲಿಗೆ ಹಾಕಿಕೊಂಡ. ದೂರದ ವರ್ತಕನೊಬ್ಬನನ್ನು ಕರೆದು, ನಾಲ್ಕು ಜನರಿಗೆ ಕೇಳುವ ಹಾಗೆ ಬೆಲೆ ಹೇಳಿದ, ಕಾರಣಗಳನ್ನೂ ಹೇಳಿದ. "ಸುಳಿ ಇದೆ. ಅದರಿಂದ ನೇಗಿಲು ನಿಂತದ್ದನ್ನು ಮಾತ್ರ ನಾನು ಕಂಡಿಲ್ಲ" ಎಂದ. ವರ್ತಕ ಪೂರ್ತಿ ಬೆಲೆ ಕೊಟ್ಟು ಎತ್ತನ್ನು ಹೊಡೆದುಕೊಂಡು ಹೋದ. ಆದರೆ ಸಂತೆಯ ಹಳಬರು ಮತ್ತೆ ಅವನ ಟವಲಿನ ಕೆಳಗೆ ಕೈ ಇಡಲಿಲ್ಲ. ಅವನೂ ಪಾಠಶಾಲೆಗೆ ಹೋಗುವುದನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಜಲಜಾಕ್ಷಿಗೆ ಸಮಾಧಾನವಾಗಲಿಲ್ಲ.

"ಆ ಹುಡುಗರಿಗೂ ಉತ್ತರ ಗೊತ್ತಿರಲಿಲ್ಲವಲ್ಲ ಬುದ್ಧಿ. ಅವರು ಸುಮ್ಮನಿದ್ದು ಪಾರಾದರು. ಇವನೊಬ್ಬನೇ ಯಾಕೆ ಅಷ್ಟು ಕಳೆದುಕೊಳ್ಳಬೇಕಿತ್ತು?"

"ಹುಡುಗರು ಶುಲ್ಕವಾಗಿ ಕಟ್ಟಿದ್ದು ಅಪ್ಪನ ಹಣ, ತಾಯಿ; ಅವನು ಕಟ್ಟಿದ್ದು ತನ್ನ ಹೆಸರು."