ಸಿದ್ದಮಾದ ಗದ್ಯ ಓದಿದ್ದು

ಹ್ಞೂಂ ಅಂತ ಇರಬೇಕು, ತಿಳೀತಾ? ಹ್ಞೂಂ ಅನ್ನೋದು ನಿಲ್ಲಿಸಿದ್ರೆ ನಾನೂ ಇಲ್ಲಿಗೇ ನಿಲ್ಲಿಸ್ತೀನಿ.

ಕಲ್ಲುಪುರದಲ್ಲಿ ಕೆಂಪದೇವಮ್ಮ ಅಂತ ಒಬ್ಬಳು. ಇಸ್ಕೂಲಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸೋಳು. ಅವಳ ಮಗಳು ಚೊಚ್ಚಲ ಹೆರಿಗೆ ನೋವು ತಿಂತಾ, ಊರಲ್ಲಿ ಡಾಕ್ಟರಿಲ್ಲದೆ, ಆಸ್ಪತ್ರೆ ದಾರೀಲೇ ಹೋಗ್ಬಿಟ್ಟಳು. ಅವತ್ತೇ ಕೆಂಪದೇವಮ್ಮ ಎದೆ ಹೊಡ್ಕೊಂಡು ಅಂದಳು: "ನನ್ನ ಮಗನ್ನ ಡಾಕ್ಟರು ಮಾಡ್ತೀನಿ! ಇನ್ನೊಬ್ಬ ತಾಯಿಗೆ ಹಿಂಗಾಗೋದು ಬೇಡ!"

ಮಗ ಯಾರು? ಸಿದ್ದಮಾದ. ಅಯ್ಯೋ, ಅವನೇ!

ಬಾಯಿಪಾಠ ಅಂದ್ರೆ ಬಾಯಿಪಾಠ. ಮೈಯಲ್ಲಿರೋ ಮೂಳೆ ಇನ್ನೂರಾರನ್ನೂ ಮೇಲಿಂದ ಕೆಳಕ್ಕೆ ಹೇಳೋನು, ಕೆಳಗಿಂದ ಮೇಲಕ್ಕೆ ಹೇಳೋನು. ಡಾಕ್ಟರಿಕೆ ಓದೋಕೆ ಸೇರಬೇಕಾದ್ರೆ ಮೂರು ಪತ್ರಿಕೆ ಬರೀಬೇಕಾಗಿತ್ತು. ಎರಡು ಪತ್ರಿಕೆ ಪಾಸು. ಮೂರನೇದರಲ್ಲಿ ಒಂದು ಗದ್ಯ ಕೊಡೋರು. ಓದಿ, ಅರ್ಥ ಮಾಡ್ಕೊಂಡು, ಕೇಳಿದ್ದಕ್ಕೆ ಉತ್ತರ ಹೇಳು ಅನ್ನೋರು. ಅದರಲ್ಲಿ ಎರಡು ಸಲಾನೂ ಸೊನ್ನೆ. ಇನ್ನು ಒಂದೇ ಸಲ ಬಾಕಿ, ಆಮೇಲೆ ಕೂರಿಸೋದೇ ಇಲ್ಲ. ಯಾವ ಪರೀಕ್ಷೆ ಅದು ಅಂತ ನನ್ನ ಕೇಳಬೇಡಿ, ಕತೆ ಪರೀಕ್ಷೆ.

ಕೆಂಪದೇವಮ್ಮ ಗುರುಸಿದ್ದಯ್ಯ ಮೇಷ್ಟ್ರ ಹತ್ರ ಓಡಿದಳು. "ಸ್ವಾಮೀ, ನನ್ನ ಮಗನಿಗೆ ಓದಿದ್ದನ್ನ ಅರ್ಥ ಮಾಡ್ಕೊಳ್ಳೋದು ಕಲಿಸ್ರಪ್ಪಾ!"

"ಅದೇನು ಮಹಾ, ಕಳಿಸಮ್ಮಾ!" ಅಂದ್ರು ಪಾಪ ಮೇಷ್ಟ್ರು.

ಮೊದಲ ದಿನ ಒಂದು ಗದ್ಯ ಕೊಟ್ಟರು. ಒಬ್ಬಳು ಮುದುಕಿಗೆ ಜ್ವರ. ವೈದ್ಯರು ಮಾತ್ರೆ ಕೊಟ್ಟರು. ಮುದುಕಿ ಅದನ್ನ ಸೆರಗಲ್ಲಿ ಗಂಟು ಹಾಕ್ಕೊಂಡು ಮರೆತೇಬಿಟ್ಟಳು. ಜ್ವರ ಬಿಡಲಿಲ್ಲ. ಅಷ್ಟೇ ಗದ್ಯ. "ಮುದುಕಿಗೆ ಜ್ವರ ಯಾಕೆ ಬಿಡಲಿಲ್ಲ?" ಅಂತ ಪ್ರಶ್ನೆ.

ಸಿದ್ದಮಾದ ಏನು ಬರೆದ? ಜ್ವರ ಬರೋದಕ್ಕೆ ಇರೋ ಕಾರಣ ಹದಿನೆಂಟು ಬರೆದ! ಸೊಳ್ಳೆಯಿಂದ ಬರೋದು, ನೀರಿಂದ ಬರೋದು, ಇಲಿಯಿಂದ ಬರೋದು. ಸೆರಗಿನ ಗಂಟು ಮಾತ್ರ ಇಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತೀಯಲ್ಲೋ!" ಅಂತ ಮೇಷ್ಟ್ರು ಕೂಗಾಡಿದ್ರು. "ನಿನ್ನ ತಲೇಲಿರೋದು ಯಾರಿಗೆ ಬೇಕು? ಹಾಳೇಲಿ ಏನಿದೆಯೋ ಅಷ್ಟೇ ನಿಜ! ಹಾಳೇಲಿ ಇಲ್ಲದ್ದು ಇಲ್ಲವೇ ಇಲ್ಲ!"

"ಆಗ್ಲಿ ಸಾ, ಹಂಗೇ ಮಾಡ್ತೀನಿ."

ಮಾರನೇ ದಿನ ಅವ್ವ ಚೀಟಿ ಬರೆಸಿ ಅಂಗಡಿಗೆ ಕಳಿಸಿದಳು. ತೊಗರಿಬೇಳೆ, ಉಪ್ಪು, ಹುಣಸೆಹಣ್ಣು. ದಾರೀಲಿ ಪಕ್ಕದ ಮನೆಯೋಳು ಓಡಿ ಬಂದಳು. "ಲೋ ಮಾದಾ! ನಿಮ್ಮವ್ವ ಇಸ್ಕೂಲ ಅಡುಗೆಮನೇಲಿ ಜಾರಿ ಬಿದ್ದವ್ಳೆ! ಏಳೋಕಾಗ್ತಿಲ್ಲ, ಬಾರೋ!"

ಸಿದ್ದಮಾದ ಚೀಟಿ ತೆಗೆದ. ಈ ಕಡೆ ನೋಡಿದ, ಆ ಕಡೆ ನೋಡಿದ. "ಇದರಲ್ಲಿ ಬೇಳೆ ಐತೆ, ಉಪ್ಪೈತೆ, ಹುಣಸೆಹಣ್ಣೈತೆ. ಅವ್ವ ಬಿದ್ದದ್ದು ಇಲ್ಲ!" ಅಂದ. ಅಂಗಡಿಗೆ ಹೋದ, ಹುಣಸೆಹಣ್ಣಲ್ಲಿ ಬೀಜ ಐತೇನು ಅಂತ ಹಿಸುಕಿ ನೋಡಿದ, ನಿಧಾನಕ್ಕೆ ಬಂದ.

ಕಾಲು ಊದಿಸ್ಕೊಂಡು ಬಿದ್ದಿದ್ದ ಅವ್ವ ಬಾಯಿಬಿಟ್ಟು ಅತ್ತಳು. "ಮುಟ್ಠಾಳ! ಬರೀ ಬರೆದದ್ದನ್ನ ನೋಡ್ತಾರೇನೋ? ಮುಂದಿರೋ ಮನುಷ್ಯರ ಮುಖ ನೋಡೋ! ಮುಖ ನೋಡಿದ್ರೆ ಸಾಕು, ಎಲ್ಲಾ ತಿಳೀತದೆ!"

"ಆಗ್ಲವ್ವಾ, ಹಂಗೇ ಮಾಡ್ತೀನಿ."

ಅವತ್ತಿನಿಂದ ಏನಾಯ್ತು? ಮೇಷ್ಟ್ರು ಗದ್ಯ ಕೊಟ್ಟರು. ಸಿದ್ದಮಾದ ಹಾಳೆ ಬೋರಲು ಹಾಕಿಟ್ಟ. ಗಲ್ಲಕ್ಕೆ ಕೈ ಕೊಟ್ಟು ಒಂದು ಗಂಟೆ ಹೊತ್ತು ಮೇಷ್ಟ್ರ ಮುಖಾನೇ ನೋಡಿದ. ಮೇಷ್ಟ್ರು ಆ ಕಡೆ ತಿರುಗಿದ್ರೆ ಅವನೂ ಆ ಕಡೆ ಹೋಗಿ ಕೂತ. "ಈ ಗದ್ಯದ ಸಾರಾಂಶವೇನು?" ಅನ್ನೋ ಪ್ರಶ್ನೆಗೆ ದುಂಡಗೆ ಬರೆದ: "ಮೇಷ್ಟ್ರಿಗೆ ಎರಡು ದಿನದಿಂದ ಹೊಟ್ಟೆ ಕಟ್ಟಿದೆ."

ಕಟ್ಟಿತ್ತೋ ಏನೋ, ಮೇಷ್ಟ್ರು ಕೆಂಪಗಾದ್ರು! "ಅಯ್ಯೋ ಕೋಣನೇ! ಮೊದಲಿಂದ ಕೊನೇವರೆಗೆ ನಿಧಾನಕ್ಕೆ ಓದೋ! ಮುಖ್ಯವಾದದ್ದು ಯಾವುದು ಅಂತ ಗುರುತು ಹಿಡಿ! ಅದರ ಕೆಳಗೆ ಗೆರೆ ಎಳಿ! ಮುಖ್ಯವಲ್ಲದ್ದನ್ನ ಬಿಟ್ಟು ಮುಂದಕ್ಕೆ ಹೋಗು!"

"ಆಗ್ಲಿ ಸಾ, ಹಂಗೇ ಮಾಡ್ತೀನಿ."

ನಗ್ತೀರಲ್ಲ, ನಿಮಗೇನು? ಆ ತಾಯಿಗೆ ದಿನಾ ಕರುಳು ಹಿಂಡೋದು.

ಪರೀಕ್ಷೆಗೆ ಮುಂಚಿನ ದಿನವೇ ಮಗಳ ಆ ವರ್ಷದ ತಿಥಿ ಬಂತು. ಅಳಿಯ ಬಂದ, ಊರೋರು ಬಂದ್ರು, ಜಗುಲಿ ಮೇಲೆ ಉದ್ದಕ್ಕೂ ಎಲೆ ಹಾಕಿದ್ರು. "ನನ್ನ ಕಾಲು ಇನ್ನೂ ನೋಯ್ತದೆ, ನೀನೇ ಬಡಿಸಪ್ಪಾ" ಅಂದಳು ಅವ್ವ.

ಸಿದ್ದಮಾದ ಪಂಕ್ತೀನ ಮೊದಲಿಂದ ಕೊನೇವರೆಗೆ ನಿಧಾನಕ್ಕೆ ಓದಿದ. ಒಲೆಯಿಂದ ಇದ್ದಿಲು ತಂದ. ಊರ ಯಜಮಾನರ ಎಲೆ ಕೆಳಗೆ ಒಂದು ಗೆರೆ, ಗುರುಸಿದ್ದಯ್ಯ ಮೇಷ್ಟ್ರ ಎಲೆ ಕೆಳಗೆ ಎರಡು ಗೆರೆ! ಅವರಿಬ್ಬರಿಗೂ ಅನ್ನ, ಸಾರು, ವಡೆ, ಪಾಯಸ. ಉಳಿದೋರನ್ನ ಬಿಟ್ಟು ಮುಂದಕ್ಕೆ ಹೋದ. ಅಳಿಯ ಬರೀ ಎಲೆ ಮುಂದೆ ಕೂತಿದ್ದ, ಕೂತಿದ್ದ. ಹೆಂಡತಿ ತಿಥಿಯ ಎಲೆ ಬಿಟ್ಟು ಹಸ್ಕೊಂಡು ಎದ್ದ. "ಇನ್ನು ಈ ಮನೆ ಹೊಸಿಲು ತುಳಿದ್ರೆ ಕೇಳಿ!" ಅಂತ ನಡೆದೇಬಿಟ್ಟ.

ಕೆಂಪದೇವಮ್ಮ ತಲೆ ತಲೆ ಚಚ್ಚಿಕೊಂಡಳು. "ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ! ಪಂಕ್ತೀಲಿ ಭೇದ ಮಾಡ್ತಾರೇನೋ ಪಾಪಿ? ಒಂದು ತುದಿಯಿಂದ ಹಿಡಿದು ಒಂದು ಎಲೇನೂ ಬಿಡದ ಹಾಗೆ, ಎಲ್ಲಕ್ಕೂ ಸಮನಾಗಿ ಬಡಿಸಬೇಕು! ಸಾಕು ಅನ್ನೋವರೆಗೂ ಬಡಿಸಬೇಕು!"

"ಆಗ್ಲವ್ವಾ, ಹಂಗೇ ಮಾಡ್ತೀನಿ."

ಬೆಳಗಾಯ್ತು. ಕುಂಟು ಕಾಲಲ್ಲೇ ಅವ್ವ ಮಗನ್ನ ಪೇಟೆಗೆ ಕರ್ಕೊಂಡು ಹೋಗಿ ಪರೀಕ್ಷೆಗೆ ಬಿಟ್ಟಳು. ಬಾಗಿಲಲ್ಲಿ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಮೂರು ಗಂಟೆ ಕೂತಳು, ತೊಟ್ಟು ನೀರೂ ಕುಡೀಲಿಲ್ಲ.

ಸಿದ್ದಮಾದ ಹೊರಗೆ ಬಂದ. ಮುಖದ ತುಂಬ ನಗು! ಬೆರಳೆಲ್ಲ ಮಸಿ!

"ಓದಿದ್ಯೇನೋ?"

"ಓದಿದೆ ಕಣವ್ವಾ! ಒಂದೂರಲ್ಲಿ ಬಾವಿ ಪಕ್ಕದಲ್ಲೇ ದನ ತೊಳೀತಿದ್ರು. ಮಳೆ ಬಂದು ಗಲೀಜೆಲ್ಲ ಬಾವಿಗೆ ಇಳೀತು. ಊರೋರಿಗೆಲ್ಲ ವಾಂತಿಭೇದಿ. ಒಬ್ಬಳು ನರ್ಸಮ್ಮ ಬಂದು ನೀರು ಕಾಯಿಸಿ ಕುಡೀರಿ ಅಂದ್ಲು, ಎಲ್ಲಾ ಉಳ್ಕೊಂಡ್ರು!"

ಕೆಂಪದೇವಮ್ಮನ ಕಣ್ಣಲ್ಲಿ ನೀರು ಬಂತು. ಮಗನಿಗೆ ಅರ್ಥವಾಗಿದೆ! ಮೊದಲನೇ ಸಲ ಅರ್ಥವಾಗಿದೆ!

"ಪ್ರಶ್ನೆ ಎಷ್ಟಿತ್ತೋ?"

"ನಲವತ್ತು. ಒಂದೊಂದಕ್ಕೂ ನಾಲ್ಕು ಉತ್ತರ, ನಾಲ್ಕು ದುಂಡು. ಸರಿ ಇರೋ ಒಂದನ್ನ ಮಸಿ ಮಾಡಬೇಕು."

"ಸರಿ ಇರೋದು ಗೊತ್ತಾಯ್ತಾ ಕಂದಾ?"

"ಓ! ನಲವತ್ತಕ್ಕೆ ನಲವತ್ತೂ ಗೊತ್ತಾಯ್ತು!"

"ನನ್ನಪ್ಪಾ! ಮಾದಪ್ಪಾ! ಮಸಿ ಮಾಡಿದ್ಯಾ?"

"ಮಾಡ್ದೆ ಕಣವ್ವಾ. ಈ ತುದಿಯಿಂದ ಹಿಡಿದು ಆ ತುದಿಗಂಟ, ನಾಲ್ಕು ದುಂಡಕ್ಕೂ ಸಮನಾಗಿ. ಒಂದೂ ಬಿಡ್ಲಿಲ್ಲ. ಆಮೇಲೆ ಇನ್ನೊಂದು ಸುತ್ತು ಮಾಡ್ದೆ. ಮೂರನೇ ಸುತ್ತಲ್ಲಿ ಇದ್ದೆ, ಅಲ್ಲಿದ್ದ ಸಾಹೇಬ್ರು 'ಸಾಕು, ಕೊಡಪ್ಪಾ' ಅಂದ್ರು. ಸಾಕು ಅಂದ್ಮೇಲೆ ಕೊಟ್ಬಿಟ್ಟೆ."

ಅವ್ವ ಅಲ್ಲೇ ಮಣ್ಣಲ್ಲಿ ಕುಸಿದಳು. "ಗೊತ್ತಿತ್ತಲ್ಲೋ! ಸರಿ ಯಾವುದು ಅಂತ ನಿಂಗೆ ಗೊತ್ತಿತ್ತಲ್ಲೋ! ಮತ್ತೆ ಉಳಿದ ಮೂರನ್ನ ಯಾಕೋ ತುಂಬಿದೆ?"

ಸಿದ್ದಮಾದ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನಿಗೂ ಅಳು ಬಂದುಬಿಟ್ಟಿತ್ತು.

"ಅವ್ವಾ, ಅವೂ ಭಾವನ ಹಂಗೆ ಹಸ್ಕೊಂಡು ಎದ್ದು ಹೋಗ್ಬಿಟ್ರೆ?"