ಗಂಟೆಗೆ ಲಕ್ಕಣ್ಣನಾದರೆ ಗಿಂಡಿಗೆ ಯಾರು?

ಕಪನಯ್ಯ ಗುರುಗಳ ಆಶ್ರಮದ ಮುಂದೆ ಹರಿಯುವ ಹೊಳೆ ಎಷ್ಟು ಅಗಲವೆಂದರೆ, ಈ ದಡದ ಕಾಗೆ ಆ ದಡಕ್ಕೆ ಹಾರಬೇಕಾದರೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕಿತ್ತು. ಸುಳ್ಳೆನ್ನುವವರು ಹೋಗಿ ಕಾಗೆಯನ್ನೇ ಕೇಳಬಹುದು.

ಅಂಥ ಹೊಳೆಯ ದಂಡೆಯಲ್ಲಿ, ಮರಳಿನ ಮೇಲೆ ಕೂತು, ಗುರುಗಳು ಶಿಷ್ಯರಿಗೆ ಮಾತು ಬಿಡಿಸುವ ವಿದ್ಯೆ ಕಲಿಸುತ್ತಿದ್ದರು.

"ಮಾತಿಗೂ ಮೈಯಿದೆ ಕಣ್ರಪ್ಪಾ," ಎನ್ನುತ್ತಿದ್ದರು. "ಮುಂದೆ ಅಂಟಿಕೊಂಡದ್ದು ತಲೆ. ಹಿಂದೆ ಅಂಟಿಕೊಂಡದ್ದು ಬಾಲ. ನಡುವೆ ಇರುವುದು ಒಡಲು. ಪಂಡಿತರು ಇವಕ್ಕೆ ಉಪಸರ್ಗ, ಪ್ರತ್ಯಯ, ಪ್ರಕೃತಿ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಜೀವ ಎಲ್ಲಿದೆ ಅಂತ ತಿಳಿದರೆ ನಮಗೆ ಸಾಕು."

ಆಮೇಲೆ ಜೋಡಿ ಕೇಳುತ್ತಿದ್ದರು.

"ನ್ಯಾಯಕ್ಕೆ ಅನ್ಯಾಯವಾದರೆ ಧರ್ಮಕ್ಕೆ?"

"ಅಧರ್ಮ."

"ಗುಣಕ್ಕೆ ಗುಣವಂತನಾದರೆ ಹಣಕ್ಕೆ?"

"ಹಣವಂತ."

ಹೀಗೆ ಪಟಪಟನೆ ಉತ್ತರ ಕೊಡುತ್ತಿದ್ದವನು ಹಿರಿಯ ಶಿಷ್ಯ ಬೋರಲಿಂಗ. ಅವನ ಚುರುಕು ಎಂಥದ್ದೆಂದರೆ, ಗುರುಗಳು ಆಕಳಿಸಲು ಬಾಯಿ ತೆರೆದರೂ ಅವನ ಕಡೆಯಿಂದ ಉತ್ತರ ಬಂದುಬಿಡುತ್ತಿತ್ತು. ಒಮ್ಮೆಯೂ ತಪ್ಪಿದವನಲ್ಲ.

ಅಂಥವನ ಪಕ್ಕಕ್ಕೆ ಬಂದು ಕೂತವನು ರಾಚಪ್ಪ.

ಎಲ್ಲಿಂದಲೋ ಬಂದ. ಯಾವೂರು ಎಂದರೆ "ಆಚೆ ದಡ" ಎನ್ನುತ್ತಿದ್ದ. ಯಾರ ಪೈಕಿ ಎಂದರೆ ನಕ್ಕು ಸುಮ್ಮನಾಗುತ್ತಿದ್ದ. ಬೋರಲಿಂಗನಿಗೆ ಆ ನಗು ಮೊದಲ ದಿನವೇ ಹಿಡಿಸಲಿಲ್ಲ.

ಒಂದು ದಿನ ಗುರುಗಳು ಕೇಳಿದರು. "ಬಳೆಗೆ ಬಳೆಗಾರನಾದರೆ ಮಾತಿಗೆ?"

"ಮಾತುಗಾರ," ಎಂದ ಬೋರಲಿಂಗ.

ರಾಚಪ್ಪ ತಲೆ ಕೆರೆದುಕೊಂಡ. "ಬಳೆಗಾರ ಬಳೆ ಮಾರುತ್ತಾನೆ ಬುದ್ಧಿ. ಮಾತುಗಾರ ಮಾತು ಮಾರುತ್ತಾನಾ?"

ಗುರುಗಳು ನಕ್ಕ ರಭಸಕ್ಕೆ ಆಲದ ಮರದ ಗಿಳಿಗಳೆಲ್ಲ ಎದ್ದು ಆಚೆ ಊರಿಗೆ ವಲಸೆ ಹೋದವು. ಬೋರಲಿಂಗ ಮಾತ್ರ ನಗಲಿಲ್ಲ. ಇಷ್ಟು ಯೋಚನೆ ಮಾಡುವವನು ಇಲ್ಲಿಗೆ ಯಾಕೆ ಬಂದಿದ್ದಾನೆ ಎಂಬ ಗುಮಾನಿ ಅವನ ಎದೆಯೊಳಗೆ ಚಾಪೆ ಹಾಸಿಕೊಂಡು ಮಲಗಿತು.

ಅದಾದ ಕೆಲವೇ ದಿನಕ್ಕೆ ಗುರುಗಳ ತಾಮ್ರದ ಗಿಂಡಿ ಕಾಣೆಯಾಯಿತು.

ಆಶ್ರಮದಲ್ಲಿ ಕಳವು ಆದದ್ದು ಅದೇ ಮೊದಲೇನಲ್ಲ. ಹಿಂದೊಮ್ಮೆ ಲಕ್ಕಣ್ಣ ಎಂಬುವನು ಬಂದಿದ್ದ. ಅವನೂ ಹೀಗೇ, ಎಲ್ಲಿಂದಲೋ. ಬೆಳಕು ಹರಿಯುವ ಮುಂಚೆ ಹೊಳೆಗೆ ಹೋಗುತ್ತಿದ್ದ, ಒದ್ದೆ ಕಾಲಲ್ಲಿ ವಾಪಸು ಬರುತ್ತಿದ್ದ, ಕಂಬಳಿಯೊಳಗೆ ಏನೋ ಉಬ್ಬಿಕೊಂಡಿರುತ್ತಿತ್ತು. ಒಂದು ದಿನ ಆಶ್ರಮದ ಗಂಟೆಯನ್ನೇ ಎತ್ತಿಕೊಂಡು ಹೋದ. ಎಂಥ ಗಂಟೆ ಅದು. ಹೊಡೆದರೆ ಹರದಾರಿ ಆಚೆ ಕಾಯುತ್ತಿದ್ದ ಹಾಲು ಒಡೆಯುತ್ತಿತ್ತು. ಅದನ್ನು ಸದ್ದಿಲ್ಲದೆ ಕಂಕುಳಲ್ಲಿಟ್ಟುಕೊಂಡು ಹೋದನಲ್ಲ, ಅವನ ಕಂಕುಳಿಗೊಂದು ನಮಸ್ಕಾರ.

ಈಗ ರಾಚಪ್ಪನೂ ಬೆಳಕು ಹರಿಯುವ ಮುಂಚೆ ಏಳುತ್ತಿದ್ದ. ಹೊಳೆಯ ಕಡೆಗೇ ಹೋಗುತ್ತಿದ್ದ.

ಬೋರಲಿಂಗ ಕಂಬಳಿಯೊಳಗೆ ಒಂದು ದೊಣ್ಣೆ ಇಟ್ಟುಕೊಂಡು ಬೆನ್ನು ಹತ್ತಿದ. ಮೊಣಕಾಲು ನೀರಿನಲ್ಲಿ, ಬಂಡೆಯ ಮರೆಯಲ್ಲಿ ನಿಂತ. ಮಂಜು ಎಷ್ಟು ದಟ್ಟವೆಂದರೆ, ಕೊಡಲಿ ತಂದಿದ್ದರೆ ಕಡಿದು ಸೌದೆಯಂತೆ ಜೋಡಿಸಬಹುದಿತ್ತು. ರಾಚಪ್ಪ ಏನು ಮಾಡಿದನೆಂದು ಕಾಣಲಿಲ್ಲ. ಒದ್ದೆ ಕಾಲಲ್ಲಿ ಎದುರಿಗೇ ಬಂದಾಗ ಮಾತ್ರ ಕಂಡ.

"ಏನಣ್ಣಾ, ಇಷ್ಟು ಬೇಗ?" ಎಂದ ರಾಚಪ್ಪ.

"ಮುಖ ತೊಳೆಯೋಣ ಅಂತ."

"ನಾನೂ ಅಷ್ಟೇ."

ಬೋರಲಿಂಗ ರಾಚಪ್ಪನ ಕಂಬಳಿಯ ಉಬ್ಬು ನೋಡಿದ. ರಾಚಪ್ಪ ಬೋರಲಿಂಗನ ಕಂಬಳಿಯ ಉಬ್ಬು ನೋಡಿದ. ಮಂಜು ಕೊಂಚ ಸರಿದಾಗ, ಬಂಡೆಯಾಚೆ ಹತ್ತಿರದಲ್ಲೇ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದ ಅಂಬಿಗ ಸುಮ್ಮನೆ ಕೆಮ್ಮಿದ. ಆ ಕೆಮ್ಮಿನ ಮೇಲೂ ಬೋರಲಿಂಗನಿಗೆ ಗುಮಾನಿ ಬಂತು.

ಹೀಗೆ ಕೆಲವು ದಿನ ಬಂಡೆ ಕಾದದ್ದಾಯಿತು. ಕೊನೆಗೊಂದು ಬೆಳಿಗ್ಗೆ ಬೋರಲಿಂಗ ಗುರುಗಳ ಮುಂದೆ ಹೋಗಿ ನಿಂತ.

"ಬುದ್ಧಿ, ಇವತ್ತು ಜೋಡಿ ನಾನು ಕೇಳುತ್ತೇನೆ."

"ಕೇಳಪ್ಪಾ."

"ಗಂಟೆಗೆ ಲಕ್ಕಣ್ಣನಾದರೆ ಗಿಂಡಿಗೆ ಯಾರು?"

ಗುರುಗಳು ಅವನ ಮುಖವನ್ನೇ ನೋಡಿದರು. "ನೀನೇ ಹೇಳು."

"ರಾಚಪ್ಪ. ಅವನೂ ಎಲ್ಲಿಂದಲೋ ಬಂದ, ಇವನೂ ಎಲ್ಲಿಂದಲೋ ಬಂದ. ಅವನ ಕಾಲೂ ಒದ್ದೆ, ಇವನ ಕಾಲೂ ಒದ್ದೆ. ಅಲ್ಲಿಗಲ್ಲಿಗೆ ಸರಿಹೋಯಿತು."

"ಅವನನ್ನು ಕೇಳಿದೆಯಾ?"

"ಕಳ್ಳನನ್ನು ಕೇಳಿದರೆ ಕದ್ದೆ ಅಂತಾನಾ ಬುದ್ಧಿ?"

ಗುರುಗಳು ಗಡ್ಡ ನೀವಿಕೊಂಡರು. "ಜೋಡಿ ಬಿಡಿಸುವುದರಲ್ಲಿ ನೀನು ತಪ್ಪಿದವನಲ್ಲ. ಮಧ್ಯಾಹ್ನದ ದೋಣಿ ಬರಲಿ. ನೀನು 'ಹೌದು' ಎಂದರೆ ಅವನು ಅದರಲ್ಲಿ ಹೋಗುತ್ತಾನೆ. ಮತ್ತೆ ಈ ದಡ ಹತ್ತುವ ಹಾಗಿಲ್ಲ. ಹೋಗಿ ಗಂಟು ಕಟ್ಟಲು ಹೇಳು."

ಬೋರಲಿಂಗ ಹೋಗಿ ಹೇಳಿದ. ರಾಚಪ್ಪ ಯಾಕೆ ಎಂದು ಕೇಳಲಿಲ್ಲ. ಇದ್ದ ಒಂದು ಪಂಚೆ, ಒಂದು ಕಂಬಳಿ ಸುತ್ತಿ ಗಂಟು ಕಟ್ಟಿದ.

"ಆಚೆ ದಡದಲ್ಲಿ ನನ್ನವರು ಅಂತ ಈಗ ಯಾರೂ ಇಲ್ಲ ಅಣ್ಣಾ," ಎಂದ. "ಇರಲಿ ಬಿಡು." ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತ.

ಯಾಕೆ ಎಂದು ಕೇಳಲಿಲ್ಲವಲ್ಲ, ಅದೂ ಬೋರಲಿಂಗನಿಗೆ ಲೆಕ್ಕಕ್ಕೆ ಸಿಕ್ಕಿತು. ಲಕ್ಕಣ್ಣನೂ ಹೇಳದೆ ಕೇಳದೆ ಹೋದವನೇ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗುರುಗಳು ಕರೆದರು. "ದೋಣಿ ಬರುವ ತನಕ ಒಂದು ಪಾಠ ಮಾಡೋಣ ಬಾ."

ಮರಳಿನ ಮೇಲೆ ಬೆರಳಿನಿಂದ ಏನೋ ಬರೆದು, ನಡುಭಾಗಕ್ಕೆ ಮುತ್ತುಗದ ಎಲೆ ಮುಚ್ಚಿದ್ದರು. ಎಲೆಯ ಮುಂದೆ 'ನಿರ್' ಎಂದು ಕಾಣುತ್ತಿತ್ತು. ಎಲೆಯ ಹಿಂದೆ 'ಇ' ಎಂದು ಕಾಣುತ್ತಿತ್ತು.

"ತಲೆ ಇದೆ, ಬಾಲ ಇದೆ. ಮಾತು ಯಾವುದು?"

"ಇದೇನು ಕಷ್ಟ ಬುದ್ಧಿ. ನಡುವೆ ಉದ್ಯೋಗ. ನಿರುದ್ಯೋಗಿ."

ಗುರುಗಳು ಎಲೆ ಎತ್ತಿದರು. ಕೆಳಗೆ 'ಅಹಂಕಾರ' ಎಂದಿತ್ತು. ನಿರಹಂಕಾರಿ.

ಬೋರಲಿಂಗನ ಕಿವಿ ಬೆಚ್ಚಗಾಯಿತು. ಗುರುಗಳು ಅವನಿಗೆ ಬೆನ್ನು ಮಾಡಿ, ನಡುವಿನ ಮರಳು ಸವರಿ, ಮತ್ತೆ ಬರೆದು, ಮತ್ತೆ ಎಲೆ ಮುಚ್ಚಿದರು.

"ಈಗ?"

ಬೋರಲಿಂಗ ಗುರುಗಳ ಕೈ ನೋಡಿದ, ಕಣ್ಣು ನೋಡಿದ. ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. "ಮತ್ತೆ ಅದನ್ನೇ ಬರೆದಿದ್ದೀರಿ. ನಿರಹಂಕಾರಿ."

ಎಲೆ ಎತ್ತಿದರು. ಕೆಳಗೆ 'ಅಪರಾಧ' ಎಂದಿತ್ತು. ನಿರಪರಾಧಿ.

ಮತ್ತೆ ಬೆನ್ನು ಮಾಡಿ ಮರಳಿನಲ್ಲಿ ಬೆರಳಾಡಿಸಿದರು. ಮತ್ತೆ ಮುಚ್ಚಿದರು. "ಈಗ?"

"ನಾನು ಹೇಳುವುದಿಲ್ಲ."

"ಯಾಕಪ್ಪಾ? ತಪ್ಪದವನು."

"ಬರೀ ತಲೆ ಬಾಲ ನೋಡಿ ಹೇಳು ಅಂದರೆ ಹೇಗೆ ಬುದ್ಧಿ? ಒಡಲು ಕಾಣಬೇಡವಾ? ಏನು ಬೇಕಾದರೂ ಇರಬಹುದು."

"ಹೌದಲ್ಲ," ಎಂದರು ಗುರುಗಳು. "ಲಕ್ಕಣ್ಣ ಎಲ್ಲಿಂದಲೋ ಬಂದ, ಒದ್ದೆ ಕಾಲಲ್ಲಿ ತಿರುಗಿದ. ರಾಚಪ್ಪನೂ ಎಲ್ಲಿಂದಲೋ ಬಂದ, ಒದ್ದೆ ಕಾಲಲ್ಲಿ ತಿರುಗಿದ. ತಲೆಯೂ ಒಂದೇ, ಬಾಲವೂ ಒಂದೇ. ನಡುವಿನ ಎಲೆ ಎತ್ತಿ ನೋಡಿದೆಯಾ?"

ಬೋರಲಿಂಗ ಹೊಳೆಯ ಕಡೆ ನೋಡಿದ. ನಡುನೀರಿನಲ್ಲಿ ದೋಣಿ ಬರುತ್ತಿತ್ತು. ಮೆಟ್ಟಿಲ ಮೇಲೆ ರಾಚಪ್ಪ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದ.

"ಮಂಜಿತ್ತು ಬುದ್ಧಿ. ಕಾಣಲಿಲ್ಲ."

"ಸರಿ."

"ಹಾಗಾದರೆ ಗಿಂಡಿ ಯಾರು ತೆಗೆದರು?"

"ನನಗೂ ಗೊತ್ತಿಲ್ಲ. ನಾನೂ ಎಲೆ ಎತ್ತಿ ನೋಡಿಲ್ಲ." ಗುರುಗಳು ಕೈಗೆ ಅಂಟಿದ ಮರಳು ಕೊಡವಿಕೊಂಡರು. "ಮೊನ್ನೆ ಅಂಬಿಗ ಬಂದಿದ್ದ. ಅವನು ಬೇರೆ ಒಂದು ಹೆಸರು ಹೇಳಿದ. ಬೆಳಕು ಹರಿಯುವ ಮುಂಚೆ ಹೊಳೆಗೆ ಬರುತ್ತಾನಂತೆ. ಬಂಡೆ ಮರೆಯಲ್ಲಿ ನಿಲ್ಲುತ್ತಾನಂತೆ. ಒದ್ದೆ ಕಾಲಂತೆ. ಕಂಬಳಿಯೊಳಗೆ ಏನೋ ಉಬ್ಬಿರುತ್ತದಂತೆ."

"ಅದು ದೊಣ್ಣೆ ಬುದ್ಧಿ. ಕಳ್ಳನ ಭಯಕ್ಕೆ ಇಟ್ಟುಕೊಂಡದ್ದು."

"ನೀನು ಹೇಳಿದೆ, ಈಗ ತಿಳಿಯಿತು. ಅಂಬಿಗನಿಗೆ ಕಂಡದ್ದು ಉಬ್ಬು ಅಷ್ಟೇ."

"ನೀವು ನಂಬಿದಿರಾ?"

"ನಾನು ನಂಬುವುದು ಬಿಡುವುದು ಹಾಗಿರಲಿ. ನಿನ್ನೆ ರಾಚಪ್ಪನನ್ನು ಇಲ್ಲೇ ಕೂರಿಸಿಕೊಂಡೆ. ಅಂಬಿಗ ಕಂಡದ್ದನ್ನೆಲ್ಲ ಹೇಳಿದೆ. 'ಗಂಟೆಗೆ ಲಕ್ಕಣ್ಣನಾದರೆ ಗಿಂಡಿಗೆ ಬೋರಲಿಂಗನೋ? ನೀನು ಹೌದೆಂದರೆ ಅವನನ್ನು ಇವತ್ತಿನ ದೋಣಿಗೇ ಹತ್ತಿಸುತ್ತೇನೆ' ಎಂದೆ."

ದೋಣಿ ದಡಕ್ಕೆ ಬಂದು ತಾಗಿತು. ಅಂಬಿಗ ಹುಟ್ಟು ಊರಿ ನಿಂತು ಇವರ ಕಡೆ ನೋಡಿದ. ರಾಚಪ್ಪ ಗಂಟು ಹಿಡಿದು ಎದ್ದು ನಿಂತ.

"ಅವನು ಏನಂದ ಬುದ್ಧಿ?" ಎಂದು ಕೇಳಿದ ಬೋರಲಿಂಗ.

ಗುರುಗಳು ಮುತ್ತುಗದ ಎಲೆಯನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟರು. ಈ ಸಲ ಕೆಳಗೆ ಏನೂ ಬರೆದಿರಲಿಲ್ಲ.

"'ನಾನು ಕಂಡಿಲ್ಲ, ಹೇಳಲಾರೆ' ಎಂದ. ಅದಕ್ಕೇ ನಿನ್ನೆಯ ದೋಣಿಯಲ್ಲಿ ನೀನಿರಲಿಲ್ಲ."