ಬಾದಲನ ಕಣ್ಣುಪಟ್ಟಿ

ನಂಬದವರು ಈಗಲೇ ಎದ್ದು ಹೋಗಿ: ಟಾಂಗಾ ಕುದುರೆ ಬಾದಲನ ಜೊತೆ, ಅವನು ಅತ್ತಿತ್ತ ನೋಡದಂತೆ ಕಣ್ಣ ಪಕ್ಕ ಕಟ್ಟಿದ್ದ ತೊಗಲಿನ ಕಣ್ಣುಪಟ್ಟಿ ಮಾತಾಡಿದ್ದು ನಿಜ! ಬೆಳಗಿನಿಂದ ಅವನ ಎಡಗಣ್ಣು ನೀರು ಸುರಿಸುತ್ತ ಅರ್ಧ ಮುಚ್ಚಿತ್ತು.

"ಯಜಮಾನನಿಗೆ ತೋರಿಸು," ಎಂದಿತು ಕಣ್ಣುಪಟ್ಟಿ.

"ನಾಳೆ ತಾನೇ ಸರಿಹೋಗುತ್ತೆ. ಊರಿಗೇ ಮೊದಲ ಓಟಗಾರ ನಾನು! ಕಣ್ಣು ಕೆಟ್ಟಿದೆ ಅಂತ ಗೊತ್ತಾದರೆ ಯಾರು ನನ್ನನ್ನು ಗಾಡಿಗೆ ಕಟ್ಟುತ್ತಾರೆ? ನೀನು ಸುಮ್ಮನೆ ಮರೆಮಾಡು."

"ಅಣ್ಣಾ, ಕಾಲು ಉಳುಕಿದ್ದರೆ ನಾಳೆಯವರೆಗೆ ನಾನೂ ಸುಮ್ಮನಿರುತ್ತಿದ್ದೆ. ಕಣ್ಣು ನಾಳೆಗೆ ಕಾಯುವುದಿಲ್ಲ," ಎಂದ ಕಣ್ಣುಪಟ್ಟಿ, ತನ್ನ ಸವೆದ ಬಾರನ್ನು ತಾನೇ ಹರಿದುಕೊಂಡು ಕೆಳಗೆ ಬಿತ್ತು.

ಎತ್ತಿಕೊಳ್ಳಲು ಬಂದ ಯಜಮಾನ ಮಸ್ತಾನಸಾಬ ಆ ಕಣ್ಣು ನೋಡಿದ. ಟಾಂಗಾದಲ್ಲಿ ಕೂತವರನ್ನೆಲ್ಲ ಇಳಿಸಿ ಆಗಲೇ ದನದ ಡಾಕ್ಟರನ್ನು ಕರೆಸಿದ. ರೆಪ್ಪೆಯೊಳಗೆ ಒಣಹುಲ್ಲಿನ ಮುಳ್ಳು ಚುಚ್ಚಿಕೊಂಡಿತ್ತು.

ಬಾದಲನಿಗೆ ಕೊನೆಗೆ ಸಿಕ್ಕಿದ್ದು ಔಷಧದ ಹನಿ, ಹತ್ತು ದಿನ ನೆರಳಿನ ಲಾಯ, ಮತ್ತು ಅವನದೇ ಎಡಗಣ್ಣು.